ಇಲ್ಲದ ಸೊಂಟನೋವು

ನನ್ನ ಮೈದುನನ ಹೆಂಡತಿ ಸುವರ್ಣ ಚನ್ನರಾಯಪಟ್ಟಣದಿಂದ ವಾಪಸು ಬಂದ ದಿನ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳುವುದಕ್ಕೆ ನನಗೇನು ಭಯ? ಅರವತ್ತೊಂದನೆಯ ಇಸವಿ, ಒಕ್ಕಣೆ ಮುಗಿದ ಹೊತ್ತು. ಗಾಡಿಯ ನೊಗ ಎತ್ತುವಾಗ ಮೈದುನ ಮಂಜುನಾಥನಿಗೆ ತೋಳು ಹಿಡಿದುಕೊಂಡಿತು. ಪಟ್ಟಣದ ಪಂಡಿತರ ಹತ್ತಿರ ಎಣ್ಣೆ ಹಾಕಿಸಿ, ಲಕ್ಕಿಸೊಪ್ಪಿನ ಬಿಸಿನೀರು ಹುಯ್ಯಿಸಿಕೊಂಡು ಬರಲಿ ಅಂತ ಅತ್ತೆ ಕಳಿಸಿದರು. ಜೊತೆಗೆ ಇವಳೂ ಸೀರೆ ಮಡಿಸಿಕೊಂಡು ಹೊರಟಳು.

ಅವನ ತೋಳೇನೋ ನೆಟ್ಟಗಾಯಿತು. ಇವಳ ಮುಖಕ್ಕೇನು ಬಂದಿತ್ತು? ಕೆನ್ನೆ ಕೆಂಪೇರಿ, ಕೈತುಂಬ ಹೊಸ ಗಾಜಿನ ಬಳೆ ಇಟ್ಟುಕೊಂಡು, ಪಾತ್ರೆ ಬೆಳಗುವಾಗಲೂ ಒಬ್ಬಳೇ ನಗುತ್ತಿದ್ದಳು. ಮಂಜುನಾಥನ ತಲೆಗೂದಲು ಒಣಗಿ ಹಾರಾಡುತ್ತಿತ್ತು. ಅದನ್ನು ನೋಡಿಯೂ ನನಗೆ ಏನೂ ಹೊಳೆಯಲಿಲ್ಲ. ಉರಿಯುವವಳಿಗೆ ಬುದ್ಧಿ ಎಲ್ಲಿರುತ್ತದೆ?

ನಮ್ಮದು ಹೊಳೆನರಸೀಪುರದ ಕಡೆಯ ತುಂಬಿದ ಮನೆ. ಗಂಡಸರು ಜಗಲಿಯಲ್ಲಿ, ಹೆಂಗಸರು ಮಕ್ಕಳು ಒಳಗೆ. ಮದುವೆಯಾಗಿ ವರ್ಷಗಳಾಗಿದ್ದವು, ಎರಡು ಮಕ್ಕಳೂ ಆಗಿದ್ದವು. ಆದರೂ ಗಂಡನ ಜೊತೆ ನಾಲ್ಕು ಮಾತಾಡಬೇಕೆಂದರೆ ಹಾಲು ಕರೆಯುವಾಗ ಆಡಬೇಕು, ಅದೂ ಎಮ್ಮೆಯ ಕಡೆ ಮುಖ ಮಾಡಿಕೊಂಡು. ನಾಲ್ಕು ದಿನ ಅವರೂ ನಾನೂ ಎಲ್ಲಾದರೂ ಇದ್ದು ಬರಬೇಕು ಅನ್ನುವ ಆಸೆ ನನಗೆ ಬಂದಾಗಲೇ ತಲೆಯಲ್ಲಿ ಒಂದು ಬಿಳಿಗೂದಲೂ ಬಂದಿತ್ತು. ನಿನ್ನೆ ಮೊನ್ನೆ ಬಂದವಳಿಗೆ ಅದು ಸಿಕ್ಕಿಬಿಟ್ಟಿತಲ್ಲ!

ಮಾರನೆಯ ವಾರ ನಾನೂ ಸೊಂಟ ಹಿಡಿದುಕೊಂಡೆ. ಕೂತರೆ ಅಯ್ಯೋ, ಎದ್ದರೆ ಅಮ್ಮಾ. ಅತ್ತೆ ನಂಬಲಿಲ್ಲ. "ಹೆತ್ತ ಮಾರನೇ ದಿನ್ವೇ ರಾಗಿ ಬೀಸಿದೋಳು ನೀನು. ಈಗೇನವ್ವ ಬಂದದ್ದು?" ಅಂದರು. ಆದರೆ ನಮ್ಮ ಯಜಮಾನರು, ರಂಗಸ್ವಾಮಿ ಅಂತ ಅವರ ಹೆಸರು, ಹೊಲದಿಂದ ಬಂದವರು ಎಲ್ಲರೆದುರಿಗೂ ನನ್ನ ಸೊಂಟದ ಮೇಲಿದ್ದ ಬಿಂದಿಗೆ ಇಸಿದುಕೊಂಡರು. "ಪಂಡಿತ್ರ ತಾವ್ಕೆ ನಾನೇ ಕರ್ಕೊಂಡೋಯ್ತೀನಿ ಕಣವ್ವ" ಅಂದರು. ನನ್ನ ಮನಸ್ಸು ಅವರಿಗೆ ಅರ್ಥವಾಯಿತು ಅಂತ ನಾನು ಹಿಗ್ಗಿಹೋದೆ. ಮಕ್ಕಳನ್ನು ಸುವರ್ಣಳ ಮಡಿಲಿಗೆ ಹಾಕಿ, ಧಾರೆಸೀರೆಯನ್ನೇ ಗಂಟಿಗೆ ಸೇರಿಸಿದೆ.

ಪಂಡಿತರ ಮನೆ ಪಟ್ಟಣದಾಚೆ, ಮರದ ನೆರಳಿಲ್ಲದ ಬಯಲಿನಲ್ಲಿತ್ತು. ಉದ್ದನೆಯ ಹೆಂಚಿನ ಮನೆ, ನಡುವೆ ಒಂದು ಗೋಡೆ. ಪಂಡಿತ ಈಶ್ವರಯ್ಯನವರು ನನ್ನ ನಾಡಿ ಹಿಡಿದು ನೋಡಿದರು.

"ಎಣ್ಣೆ ಬೀಳೋ ಮೈ ಕಣಮ್ಮ. ಉಪ್ಪು ಹುಳಿ ಮುಟ್ಟಂಗಿಲ್ಲ. ಇಲ್ಲಿರೋಗಂಟ ಹೆಂಗಸ್ರು ಗೋಡೆಯಿಂದ ಈ ಕಡೆ, ಗಂಡಸ್ರು ಆ ಕಡೆ. ಗಂಡ ಹೆಂಡ್ತಿ ಅಂತ ಇಲ್ಲಿ ಲೆಕ್ಕಿಲ್ಲ."

ನಾನು ಯಜಮಾನರ ಮುಖ ನೋಡಿದೆ. ಅವರು ಹೂಂ ಅಂತ ತಲೆಯಾಡಿಸಿ, ಗಂಟು ನನ್ನ ಕೈಗೆ ಕೊಟ್ಟು, ಗೋಡೆಯಾಚೆಗೆ ಹೊರಟೇಹೋದರು.

ಆಮೇಲಿನದನ್ನು ಕೇಳಬೇಡಿ. ಬೆಳಗಾದರೆ ಹೊನ್ನಕ್ಕ ಅನ್ನುವ ಗಟ್ಟಿ ಹೆಂಗಸು ನನ್ನನ್ನು ಮಣೆಯ ಮೇಲೆ ಕೂರಿಸಿ ನೆತ್ತಿಯಿಂದ ಹರಳೆಣ್ಣೆ ಸುರಿದು ಸೊಂಟವನ್ನು ಹಿಟ್ಟು ನಾದಿದ ಹಾಗೆ ನಾದುತ್ತಿದ್ದಳು. ಆಮೇಲೆ ಹಂಡೆಗಟ್ಟಲೆ ಕುದಿನೀರು. ಊಟಕ್ಕೆ ಸಪ್ಪೆ ಗಂಜಿ. ನೋವಿಲ್ಲದ ಸೊಂಟಕ್ಕೆ ಈಗ ನಿಜವಾದ ನೋವು ಬಂತು. ಗೋಡೆಯಾಚೆ ಯಜಮಾನರು ಯಾರೋ ಗುರುತಿಲ್ಲದ ಮುದುಕರ ಜೊತೆ ಚೌಕಾಬಾರ ಆಡಿಕೊಂಡು ಬಿದ್ದು ಬಿದ್ದು ನಗುತ್ತಿದ್ದರು. ನನ್ನ ಜೊತೆ ಒಂದು ದಿನವಾದರೂ ಹಾಗೆ ನಕ್ಕವರಲ್ಲ. ಕುಂಟು ಕಾಲಿನ ಆ ಮುದುಕರ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಸಪ್ಪೆ ಗಂಜಿ ಕುಡಿದು ಸುವರ್ಣಳ ಕೆನ್ನೆ ಹೇಗೆ ಕೆಂಪಾಯಿತು ಅನ್ನುವ ಅನುಮಾನ ನನಗೆ ಬಂದದ್ದು ಎರಡನೆಯ ದಿನ. ಹೊನ್ನಕ್ಕನನ್ನು ಕೇಳಿದೆ: "ಹೋದ ವಾರ ನಮ್ಮ ಮೈದ್ನ, ಅವನ ಎಂಡ್ರು ಬಂದಿದ್ರಲ್ಲ. ತೋಳು ನೋವು ಅಂತ."

"ನರಸೀಪುರದ ಕಡೆಯೋರು ಈ ಸುಗ್ಗೀಲಿ ನೀವೇ ಮೊದ್ಲು ಕಣಮ್ಮ" ಅಂದಳು ಹೊನ್ನಕ್ಕ. "ಅಲ್ಲ, ಇಲ್ಲಿ ಎಣ್ಣೆ ಆಕುಸ್ಕೊಂಡೋರ ತಲೆ ಜಿಡ್ಡು ಒಂದು ವಾರ ಓಗಾಕಿಲ್ಲ. ನೋಡಿದ್ರೆ ಗೊತ್ತಾಗಾಕಿಲ್ವಾ?"

ಮೈದುನನ ಹಾರಾಡುತ್ತಿದ್ದ ಆ ಕೂದಲು ಕಣ್ಣಮುಂದೆ ಬಂತು. ಕಳ್ಳಿ! ಅತ್ತೆಯ ಮುಂದೆ ನಿಲ್ಲಿಸಿ ಸುವರ್ಣಳ ನೀರಿಳಿಸದಿದ್ದರೆ ನಾನು ಪುಟ್ಟತಾಯಿಯೇ ಅಲ್ಲ ಅಂದುಕೊಂಡೆ. ಎಣ್ಣೆ ಹಾಕುವುದು ಮುಗಿಯುವವರೆಗೂ ಆ ಮಾತನ್ನೇ ಬಾಯಲ್ಲಿ ಹದ ಮಾಡಿಕೊಂಡೆ.

ಹೊರಡುವ ದಿನ ಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಯಜಮಾನರ ಹತ್ತಿರ ಎಲ್ಲ ಕಕ್ಕಿದೆ. "ನಿಮ್ಮ ತಮ್ಮನೂ ಅವನ ಎಂಡ್ರೂ ಇಲ್ಲಿಗೆ ಬಂದೇ ಇಲ್ಲ. ಎಲ್ಲಿ ತಿರುಗಾಡ್ಕೊಂಡು ಬಂದ್ರೋ. ಇವತ್ತು ನಿಮ್ಮವ್ವನಿಗೆ ಹೇಳ್ತೀನಿ, ನೋಡ್ತಿರಿ."

ಅವರು ಬೀಡಿ ಹಚ್ಚಿದರು. "ಬೆಳಗೊಳಕ್ಕೆ ಓಗಿದ್ರು. ಅಲ್ಲೊಂದು ಛತ್ರ ಅದೆ, ಕ್ವಾಣೆ ಕೊಡ್ತಾರೆ. ಬೆಟ್ಟ ಅತ್ತಿ, ಕಲ್ಯಾಣಿ ಮೆಟ್ಲ ಮ್ಯಾಲೆ ಕುಂತಿದ್ದು ಬಂದ್ರಂತೆ. ಅವ್ವನ್ಗೆ ಪಂಡಿತ್ರ ಹೆಸ್ರು ಹೇಳು ಅಂತ ಅವನಿಗೆ ಹೇಳ್ಕೊಟ್ಟೋನೇ ನಾನು."

ಅಂದರೆ ಇವರಿಗೆ ಎಲ್ಲ ಗೊತ್ತಿತ್ತು. ಛತ್ರ ಗೊತ್ತಿತ್ತು. ಕೋಣೆ ಕೊಡುವುದೂ ಗೊತ್ತಿತ್ತು. ತಮ್ಮನಿಗೆ ದಾರಿ ತೋರಿಸಿಕೊಟ್ಟ ಮನುಷ್ಯ ನನ್ನನ್ನು ಕರೆತಂದು ಗೋಡೆಯ ಈಚೆ ಬಿಟ್ಟು ಹೋಗಿದ್ದರು. ಸುವರ್ಣಳ ಮೇಲಿದ್ದ ಉರಿಯೆಲ್ಲ ಇವರ ಕಡೆ ತಿರುಗಿತು. ಬಸ್ಸಿಗೆ ಕಾಯುತ್ತಿದ್ದವರು ನೋಡುತ್ತಿದ್ದರೂ ಅಳು ತಡೆಯಲಾಗಲಿಲ್ಲ.

"ಅವಳಿಗೆ ಬೆಟ್ಟ, ನನಗೆ ಗಂಜಿ" ಅಂದೆ. "ನನ್ನನ್ನ ಯಾಕೆ ಇಲ್ಲಿಗೆ ತಂದು ಆಕಿದ್ರಿ?"

ಅವರು ಗಾಬರಿಯಾದರು. "ಯಾಕೆ ಅಂದ್ರೆ? ನಿನಗೆ ಸೊಂಟ ನೋವಲ್ವೇನಮ್ಮಿ? ನೀನು ನರಳೋದ ಕೇಳಿ ಜಗಲೀಲಿ ನನಗೆ ನಿದ್ದೇನೇ ಬರ್ತಿರ್ಲಿಲ್ಲ."

ನನ್ನ ಸುಳ್ಳನ್ನು ಅತ್ತೆ ನಂಬಲಿಲ್ಲ. ನಂಬಬಾರದವರೊಬ್ಬರು ನಂಬಿದ್ದರು.

"ನನಗೆ ಯಾವ ನೋವೂ ಇರ್ಲಿಲ್ಲ" ಅಂದೆ.

ಅವರು ನನ್ನನ್ನೇ ನೋಡಿದರು. ಬೀಡಿ ಕೈಯಲ್ಲೇ ಆರಿತು. ಎದುರಿಗೆ ಬೆಳಗೊಳದ ಬಸ್ಸು ನಿಂತಿತ್ತು, ಅದರ ಹಿಂದೆಯೇ ನಮ್ಮದು. ಇವತ್ತು ಬರುತ್ತೇವೆ ಅಂತ ಮನೆಯಲ್ಲಿ ಹೇಳಿ ಬಂದಿದ್ದೆವು, ಮಕ್ಕಳು ದಾರಿ ಕಾಯುತ್ತಿದ್ದವು. ನಮ್ಮ ಬಸ್ಸನ್ನೇ ಹತ್ತಿದೆವು. ದಾರಿಯುದ್ದಕ್ಕೂ ಅವರು ಕಿಟಕಿಯಾಚೆಯೇ ನೋಡುತ್ತಾ ಕೂತಿದ್ದರು. ಬೈದಿದ್ದರೆ ಚೆನ್ನಾಗಿತ್ತು.

ಮನೆಯಲ್ಲಿ ಅತ್ತೆ ಜಗಲಿಯ ಮೇಲೇ ಕೂತಿದ್ದರು. ಪಕ್ಕದಲ್ಲಿ ಸುವರ್ಣ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಜಿಡ್ಡು ಹಿಡಿದು ಅಂಟಿಕೊಂಡಿದ್ದ ನನ್ನ ತಲೆ ಕಂಡದ್ದೇ ಅವಳ ಕೈ ನಿಂತಿತು. ನಾವು ನಿಜಕ್ಕೂ ಪಂಡಿತರ ಮನೆಗೇ ಹೋಗಿದ್ದೆವು, ಅಲ್ಲಿ ನನಗೆ ಎಲ್ಲ ಗೊತ್ತಾಗಿದೆ ಅನ್ನುವುದು ಅವಳಿಗೂ ಗೊತ್ತಾಯಿತು.

"ಎಂಗದೆ ಸೊಂಟ?" ಅಂದರು ಅತ್ತೆ.

ಹದ ಮಾಡಿಟ್ಟುಕೊಂಡಿದ್ದ ಮಾತು ನಾಲಿಗೆಯ ಮೇಲೇ ಇತ್ತು. ನುಂಗಿಕೊಂಡೆ. "ಇನ್ನೂ ಪೂರ್ತಿ ಓಗಿಲ್ಲ ಅತ್ತೆ. ಮುಂದಿನ ತಿಂಗಳು ಇನ್ನೊಂದು ಸರ್ತಿ ಬನ್ನಿ ಅಂದವ್ರೆ."

ಅತ್ತೆ ಮಗನ ಕಡೆ ತಿರುಗಿದರು. "ಹೌದೇನ್ಲಾ?"

ಯಜಮಾನರು ಒಂದೊಂದೇ ಚಪ್ಪಲಿ ಬಿಟ್ಟು ಮೂಲೆಗೆ ಸರಿಸಿದರು. ನಾನು ತಲೆ ಎತ್ತಲಿಲ್ಲ.

"ಹೂಂ ಕಣವ್ವ" ಅಂದರು. "ಜೊತೇಲಿ ಗಂಡನೂ ಬರ್ಲೇಬೇಕು ಅಂದವ್ರೆ."

ಸುವರ್ಣ ಮತ್ತೆ ಮೊರ ಎತ್ತಿಕೊಂಡಳು. "ಮಕ್ಕಳನ್ನ ನಾನು ನೋಡ್ಕೊತೀನಿ ಬುಡಕ್ಕ" ಅಂದಳು, ಅಕ್ಕಿಯ ಕಡೆಯೇ ನೋಡುತ್ತಾ. ಅವಳ ಮೇಲಿದ್ದ ಉರಿ ಅವತ್ತು ಅರ್ಧ ಇಳಿಯಿತು. ಇನ್ನರ್ಧ ಇಳಿಯಲು ನಾನೂ ಆ ಬೆಟ್ಟ ಹತ್ತಬೇಕಾಗಿತ್ತು.