ಜರ್ಮನಿಯ ನೋಟಿಗೆ ಕುಂಕುಮ

ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನಿಯಲ್ಲಿ ಚಿಲ್ಲರೆಗೆ ಬರ ಬಂತು. ಸರ್ಕಾರವನ್ನು ಕಾದು ಸಾಕಾಗಿ ಊರೂರೂ ತನ್ನದೇ ಪುಟ್ಟ ನೋಟು ಅಚ್ಚು ಹಾಕಿಕೊಂಡಿತು. ಕಡೂರಿಗೆ ಒಂದು, ತರೀಕೆರೆಗೆ ಒಂದು, ಅಜ್ಜಂಪುರಕ್ಕೆ ಇನ್ನೊಂದು ಇದ್ದಂತೆ. ಇದನ್ನು ನಮ್ಮತ್ತೆ ಕಾಶಮ್ಮನಿಗೆ ಎಷ್ಟು ಸಲ ಹೇಳಿದರೂ, ಸಂತೆಯಲ್ಲಿ ನಡೆಯುತ್ತದೆಯೇ ಎಂದು ಕೇಳುತ್ತಿದ್ದರು. ನಡೆಯುವುದಿಲ್ಲ ಎಂದರೆ, ಹಾಗಾದರೆ ಕಾಗದ ಬಿಡು ಎನ್ನುತ್ತಿದ್ದರು.

ತರೀಕೆರೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಅದರ ಲಾಭದಲ್ಲಿ ಆನ್‌ಲೈನ್ ಹರಾಜಿನಲ್ಲಿ ಕೊಂಡ ನೋಟುಗಳಿವು. ಆ ದುಡ್ಡಿಗೆ ಚಿನ್ನ ತಗೋಬಾರದಿತ್ತೇ ಎಂದು ಬಂಧುಬಳಗವೆಲ್ಲ ಬುದ್ಧಿ ಹೇಳಿಯಾಗಿದೆ. ಹೇಳುವವರು ಹೇಳಲಿ, ನನ್ನ ದುಡ್ಡು, ನನ್ನ ಹುಚ್ಚು.

ಈ ದೀಪಾವಳಿ ಅಮಾವಾಸ್ಯೆಗೆ ಅಂಗಡಿಯಲ್ಲಿ ಲಕ್ಷ್ಮೀಪೂಜೆ ಇತ್ತು. ನಾನು ಹೂವು ತಂದು ನೋಡಿದರೆ, ಅತ್ತೆ ನನ್ನ ಅಪರೂಪದ ಆರು ನೋಟುಗಳನ್ನು ಗಲ್ಲಾಪೆಟ್ಟಿಗೆಯ ದುಡ್ಡಿನ ಜೊತೆ ದೇವಿಯ ಮುಂದೆ ಹರಡಿದ್ದಾರೆ. ಆರರಲ್ಲೂ ಬುಟ್ಟಿ ಹೊತ್ತ ಒಬ್ಬ ಹೆಂಗಸಿನ ಚಿತ್ರ. ಆರರಲ್ಲೂ ಅವಳ ಹಣೆಗೆ ಒದ್ದೆ ಕುಂಕುಮ. ನನಗೆ ಮೈಯೆಲ್ಲ ಉರಿಯಿತು. ಮುಂದಿನ ವಾರ ಕಡೂರಿನ ನಾಣ್ಯ ಪ್ರದರ್ಶನಕ್ಕೆ ಅವನ್ನೇ ಒಯ್ಯಬೇಕಿತ್ತು. ಏನು ಮಾಡಿದಿರಿ ಎಂದು ಗದರಿಬಿಟ್ಟೆ.

"ದುಡ್ಡು ಅಂತ ನೀನೇ ಅಲ್ವೇನೇ ಅಂದಿದ್ದು? ಅದಕ್ಕೇ ಲಕ್ಷ್ಮಿ ಮುಂದೆ ಇಟ್ಟೆ. ಪಾಪ, ಅವಳು ಬರೀ ಹಣೇಲಿ ನಿಂತಿದ್ಲು ಕಣೇ," ಎಂದರು.

ಮಾವ ತೀರಿಕೊಂಡ ದಿನದಿಂದ ಅತ್ತೆಯ ಹಣೆಯಲ್ಲಿ ವಿಭೂತಿ ಮಾತ್ರ. ನನ್ನ ಸಿಟ್ಟು ಎಲ್ಲಿ ಹೋಯಿತೋ, ಅಳು ಬಂತು.

ಕುಂಕುಮ ಒರೆಸದೆ ಆರೂ ನೋಟುಗಳನ್ನು ಒಂದೇ ಚೌಕಟ್ಟಿಗೆ ಹಾಕಿಸಿ, ಕಡೂರಿಗೆ ಅತ್ತೆಯನ್ನೂ ಕರೆದುಕೊಂಡೇ ಹೋದೆ. ಬೆಂಗಳೂರಿನಿಂದ ಬಂದಿದ್ದ ತೀರ್ಪುಗಾರ ಮೃತ್ಯುಂಜಯ ಭೂತಗನ್ನಡಿ ಹಿಡಿದು ನೋಡಿದರು. ತನುಜಾ ಅವರೇ, ನೀವು ಬಹುಮಾನದ ಸಾಲಿನಲ್ಲಿದ್ದವರು, ಯಾರೋ ನೋಟು ಹಾಳು ಮಾಡಿದ್ದಾರಲ್ಲ ಎಂದು ಮರುಗಿದರು. ಚೌಕಟ್ಟು ಇಳಿಸಿ, ಕಲೆ ತೆಗೆಯುವವರ ನಂಬರು ಕೊಡುತ್ತೇನೆ ಎಂದರು. ಕೆಟ್ಟವರೇನಲ್ಲ. ಆದರೆ ಅಷ್ಟು ಜನರ ಎದುರು ಹಾಳು ಎಂದರು. ಅತ್ತೆ ಸೆರಗನ್ನು ಮುಖಕ್ಕೆ ಎಳೆದುಕೊಂಡು ಬಾಗಿಲ ಕಡೆ ಸರಿದರು.

ಬಹುಮಾನ ನನಗೆ ಬೇಕಿತ್ತು. ಬೇಡವಾಗಿತ್ತು ಎಂದು ಸುಳ್ಳು ಹೇಳಲಾರೆ. ಹುಚ್ಚಿ ಎಂದವರ ಬಾಯಿಗೆ ಬೀಗ ಹಾಕಬೇಕಿತ್ತು.

"ಇಳಿಸಲ್ಲ ಸಾರ್," ಎಂದೆ. "ಜರ್ಮನಿಯೋರು ಈ ದುಡ್ಡನ್ನ ರದ್ದು ಮಾಡಿ ನೂರು ವರ್ಷ ಆಯ್ತು. ನಮ್ಮತ್ತೆ ಮೊನ್ನೆ ಅದನ್ನ ಚಾಲ್ತಿಗೆ ತಂದ್ರು. ಹಾಳು ಮಾಡಿದ್ದು ಯಾರು, ನೀವೇ ಹೇಳಿ."

ಸ್ಪರ್ಧೆಯಿಂದ ನನ್ನ ಹೆಸರು ಹೊಡೆದುಹಾಕಿದರು. ಚೌಕಟ್ಟು ಮಾತ್ರ ಕದಲಲಿಲ್ಲ, ಅದರ ಮುಂದಿನಿಂದ ನಾನೂ ಕದಲಲಿಲ್ಲ. ಸಖರಾಯಪಟ್ಟಣದಿಂದ ಬಂದಿದ್ದ ಹೆಂಗಸರ ಗುಂಪೊಂದು ನೋಟುಗಳನ್ನು ನೋಡಿ, ಈ ಬಿಳೀ ಹೆಂಗಸಿಗೆ ಕುಂಕುಮ ಇಟ್ಟವರು ಯಾರು ಎಂದು ನಗುತ್ತಾ ಕೇಳಿತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಜನರನ್ನು ಸರಿಸಿಕೊಂಡು ಬಂದು ನನ್ನ ಪಕ್ಕದಲ್ಲಿ ನಿಂತರು. ಕೇಳಿದವರ ಕಡೆ ತಿರುಗದೆ, ನೇರ ಮೃತ್ಯುಂಜಯ ಅವರನ್ನೇ ನೋಡಿದರು.

"ನಾನೇ ಇಟ್ಟಿದ್ದು ಕಣಪ್ಪಾ. ನನ್ನ ಹಣೇದು ಅಳಿಸ್ದಾಗ ಸುಮ್ನಿದ್ದೆ. ಇವಳ್ದು ಅಳಿಸಕ್ಕೆ ಬಿಡಲ್ಲ."