ಆರನೆಯ ಹೆಗಲು

ಶವಪೆಟ್ಟಿಗೆ ಅವನ ಹೆಗಲಿಗೆ ತಾಗುತ್ತಲೇ ಇರಲಿಲ್ಲ. ಮುಂದಿನವನೂ ಹಿಂದಿನವನೂ ಅವನಿಗಿಂತ ಗೇಣುದ್ದ ಎತ್ತರ. ಪೆಟ್ಟಿಗೆ ಅವರಿಬ್ಬರ ಮೇಲೆ ಕೂತು, ಅವನ ಹೆಗಲಿನ ಮೇಲೆ ಎರಡು ಬೆರಳು ತೂರುವಷ್ಟು ಸಂದು ಬಿಟ್ಟು ಸಾಗುತ್ತಿತ್ತು. ಅವನು ಒಂದು ಕೈಯಿಂದ ತಳ ಮುಟ್ಟಿಕೊಂಡು, ಹೊತ್ತವರ ಹಾಗೆ ಕತ್ತು ಓರೆ ಮಾಡಿ ನಡೆದ. ತುದಿಗಾಲಲ್ಲಿ ನಡೆದು ನೋಡಿದ. ಆಗಲೂ ತಾಗಲಿಲ್ಲ.

ಒಳಗಿದ್ದವರು ಯಾರೋ ಮುದುಕರು ಅಂತ ಮಾತ್ರ ಗೊತ್ತಿತ್ತು.

ಕಡಲತೀರದ ದೀಪಸ್ತಂಭದ ಹಿಂದಿನ ದಿಬ್ಬದ ಮೇಲಿನ ಈ ಸ್ಮಶಾನದಲ್ಲಿ ಹೊಸ ಗುಂಡಿ ತೋಡುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಮನೆತನದ ಹಳೇ ಸಮಾಧಿ ಇದ್ದವರನ್ನು ಮಾತ್ರ ಅದೇ ಕಲ್ಲೆತ್ತಿ, ಹಿಂದಿನವರ ಮೇಲೆ ಇಳಿಸುತ್ತಿದ್ದರು. ಅವನು ಉಪ್ಪುಗಾಳಿ ತಿಂದ ಅಕ್ಷರಗಳನ್ನು ಬೆರಳಿನಿಂದ ತಡವಿ ಒಬ್ಬ ಹಡಗಿನ ಕಪ್ತಾನನ ಹುಟ್ಟಿದ ವರ್ಷ ಹುಡುಕುತ್ತಿದ್ದಾಗ ಕಾವಲುಗಾರ ಬಂದು, ಒಂದು ಹೆಗಲು ಕಡಿಮೆ ಬಿದ್ದಿದೆ, ಬರುತ್ತೀರಾ ಎಂದು ಕೇಳಿದ್ದ. ಅವನು ಪ್ಯಾಂಟಿನ ಮರಳು ಕೊಡವಿಕೊಂಡು ಎದ್ದುಬಿಟ್ಟಿದ್ದ. ಅಷ್ಟು ಸಲೀಸಾಗಿ ತಾನು ಯಾವುದಕ್ಕೂ ಎದ್ದವನಲ್ಲ ಎಂಬುದು ಆಮೇಲೆ ಹೊಳೆಯಿತು. ಎತ್ತರ ನೋಡಿ ಜೋಡಿ ಮಾಡುವುದು ಇಲ್ಲಿನವರ ಪದ್ಧತಿಯಂತೆ. ಆದರೆ ಕಡೇ ಗಳಿಗೆಯಲ್ಲಿ ಸಿಕ್ಕವನನ್ನು ಖಾಲಿ ಇದ್ದ ಕಡೆ, ನಡುವೆ, ತುರುಕಿದ್ದರು.

ಬೆಳಿಗ್ಗೆಯಿಂದ ಇದು ಅವನ ಮೂರನೆಯ ಸ್ಮಶಾನ. ಬಂದರಿನ ಪಕ್ಕದ ನಾವಿಕರದ್ದು ಮುಗಿಸಿ, ವರ್ತಕರದ್ದು ಮುಗಿಸಿ ಇಲ್ಲಿಗೆ ಬಂದಿದ್ದ. ಕಾಲೇಜಿನಲ್ಲಿ ಇತಿಹಾಸ ಹೇಳುವವನು, ಯಾವ ಊರಿಗೆ ಹೋದರೂ ಮೊದಲು ನೋಡುವುದು ಹಳೇ ಸಮಾಧಿಗಳನ್ನೇ. ಬದುಕಿರೋರು ಕರೆದರೆ ಬರೋದಿಲ್ಲ, ಸತ್ತೋರ ಮನೆಗೆ ಕರೀದೇ ಹೋಗ್ತೀರಿ ಎಂದು ಹೆಂಡತಿ ಕಾಲೆಳೆಯುತ್ತಿದ್ದಳು.

ಈ ಸಲ ಕರೆದವನು ಅಣ್ಣ. ಇದೇ ಊರಿನ ಆಸ್ಪತ್ರೆಯಲ್ಲಿ ಇವತ್ತು ನಾಲ್ಕಕ್ಕೆ ಅವನ ಎದೆ ಕೊಯ್ಯುವವರಿದ್ದರು. ಹೋದ ವಾರ ಫೋನಿನಲ್ಲಿ ಹೇಳಿದ್ದ: "ಒಳಗೆ ಹೋಗೋಕೆ ಮುಂಚೆ ಬಂದು ಪಕ್ಕದಲ್ಲಿ ಕೂತ್ಕೋ. ಮಾತಾಡೋದೇನೂ ಬೇಡ."

ಮಾತಾಡುವುದಿದ್ದರೆ ಸುಲಭವಿತ್ತು. ಡಾಕ್ಟರ ಬಗ್ಗೆ, ರೈಲಿನ ಬಗ್ಗೆ ಏನಾದರೂ ಹೇಳಬಹುದಿತ್ತು. ಸುಮ್ಮನೆ ಪಕ್ಕದಲ್ಲಿ ಕೂರುವುದೆಂದರೆ ಅಣ್ಣ ಮುಖ ನೋಡುತ್ತಾನೆ, ಮುಖದಲ್ಲಿ ಏನಾದರೂ ಇರಬೇಕಾಗುತ್ತದೆ. ಅಪ್ಪ ಹೋದಾಗ ಎಲ್ಲರೂ ಅಳುತ್ತಿದ್ದರೆ, ಟ್ಯೂಬ್‌ಲೈಟು ಪಟಪಟ ಅನ್ನುತ್ತಿರುವುದೊಂದೇ ಅವನ ಮನಸ್ಸಿಗೆ ಬಂದಿತ್ತು. ಅಣ್ಣನನ್ನು ನೋಡಿದಾಗಲೂ ಏನೂ ಅನ್ನಿಸದೇ ಹೋದರೆ? ಅದನ್ನು ಅಣ್ಣ ಕಂಡುಬಿಟ್ಟರೆ? ಅದಕ್ಕೇ ಅವನಿಗೆ ಹೆದರಿಕೆ. ಲಾಡ್ಜಿನಲ್ಲಿ ಸ್ನಾನ ಮಾಡಿ ಬರುತ್ತೇನೆಂದು ಅತ್ತಿಗೆಗೆ ಹೇಳಿ, ಸ್ನಾನ ಮಾಡಿ, ಸ್ಮಶಾನಕ್ಕೆ ಬಂದಿದ್ದ.

ಎತ್ತಿಟ್ಟ ಕಲ್ಲಿನ ಪಕ್ಕದಲ್ಲಿ ಪೆಟ್ಟಿಗೆ ಇಳಿಸಿದರು. ಆಗ ಮಾತ್ರ ಅದರ ತೂಕ ಒಂದು ಕ್ಷಣ ಅವನ ಬೆರಳುಗಳಿಗೆ ಸಿಕ್ಕಿತು. ಹೊತ್ತವರು ಮಣ್ಣು ಮುಚ್ಚುವವರೆಗೂ ನಿಲ್ಲಬೇಕೆಂದು ಕಾವಲುಗಾರ ಹೇಳಿದಾಗ ಅವನು ಗಡಿಯಾರ ನೋಡಿಕೊಂಡ. ಮೂರು ದಾಟಿತ್ತು. ನಿಲ್ಲಲೇಬೇಕಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಜೇಬಿನಲ್ಲಿ ಫೋನು ಗುರುಗುಟ್ಟಿತು. ಸಾವಿನ ಮುಂದೆ ಫೋನು ತೆಗೆಯುವುದು ಮರ್ಯಾದೆಯಲ್ಲ.

ಮಣ್ಣು ಬಿದ್ದ ಸದ್ದಿಗೆ ಅವನೇ ಬೆರಗಾಗುವ ಹಾಗೆ ಕಣ್ಣಲ್ಲಿ ದಳದಳ ನೀರು ಬಂತು. ಗುರುತಿಲ್ಲದವರಿಗೆ ಅಳು ಪುಕ್ಕಟೆ.

ಸತ್ತವರ ಮನೆಯ ಅಡುಗೆಯವಳು, ಬೆನ್ನು ಬಾಗಿದ ಹೆಂಗಸು, ಹತ್ತಿರ ಬಂದು ಅವನ ತೋಳು ಹಿಡಿದಳು. ಮುದುಕರಿಗೆ ಉಳಿದಿದ್ದದ್ದು ಒಬ್ಬನೇ ತಂಗಿಯ ಮಗ. ಆ ಸೋದರಳಿಯ ಬರುವವನಿದ್ದ, ಬಂದಿರಲಿಲ್ಲ. ಆಕೆ ಅವನನ್ನು ನೋಡಿದ್ದು ಚಿಕ್ಕವನಿದ್ದಾಗ ಮಾತ್ರ.

"ಅಳಬೇಡಪ್ಪ. ನಿನ್ನ ಮಾವ ನರಳಲಿಲ್ಲ. ಬರ್ತಾನೆ, ಬರ್ತಾನೆ ಅಂತಿದ್ರು. ಕೊನೆಗಾದ್ರೂ ಬಂದ್ಯಲ್ಲ."

ಅಲ್ಲ, ನಾನು ಅವನಲ್ಲ ಎನ್ನಲು ಒಂದು ನಿಮಿಷ ಸಾಕಿತ್ತು. ಅವನು ತಲೆ ತಗ್ಗಿಸಿದ.

"ಭಾರ ಆಯ್ತಾ?"

"ಸ್ವಲ್ಪ."

ಆಕೆ ಸೆರಗಿನ ತುದಿಯಿಂದ ಅವನ ಹೆಗಲು ಒರೆಸಿದಳು. ಅಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ.

ಆಟೋ ಸಿಕ್ಕಿತು, ಸಿಗ್ನಲ್ಲುಗಳೂ ಬಿಟ್ಟುಕೊಟ್ಟವು. ಆದರೂ ಅವನು ಆಸ್ಪತ್ರೆಯ ಮೆಟ್ಟಿಲು ಹತ್ತುವ ಹೊತ್ತಿಗೆ ತಡವಾಗಿತ್ತು. ಮೂರನೆಯ ಮಹಡಿಯ ಉದ್ದನೆಯ ಕಾರಿಡಾರಿನಲ್ಲಿ ಅತ್ತಿಗೆ ಒಬ್ಬಳೇ ಕೂತಿದ್ದಳು. ಅವನ ಬೂಟಿಗೆ ಮೆತ್ತಿದ ಕೆಂಪು ಮಣ್ಣನ್ನು ನೋಡಿದಳು, ಮುಖವನ್ನು ನೋಡಿದಳು.

"ಒಳಗೆ ಕರ್ಕೊಂಡು ಹೋದ್ರು," ಎಂದಳು. "ಕರ್ಕೊಂಡು ಹೋಗೋವರೆಗೂ ಬಾಗಿಲ ಕಡೆಗೇ ನೋಡ್ತಿದ್ರು. ಆಮೇಲೆ, ಅವನಿಗೆ ಏನೂ ಅನ್ನಬೇಡ ಅಂದ್ರು."

ಅವನಿಗೆ ಮೊದಲು ಆದದ್ದು ಸಮಾಧಾನ, ನೋಡಬೇಕಾಗಲಿಲ್ಲವಲ್ಲ ಎಂದು. ಅದರ ಬೆನ್ನಿಗೇ ಮೈ ಹಿಡಿಯಾಗುವಷ್ಟು ನಾಚಿಕೆಯಾಯಿತು.

ಔಷಧಿ ತರಬೇಕೆಂದು ಅತ್ತಿಗೆ ಎದ್ದಳು. ಹೋಗುವ ಮುಂಚೆ ಕರವಸ್ತ್ರದಲ್ಲಿ ಸುತ್ತಿದ್ದ ಅಣ್ಣನ ಕನ್ನಡಕವನ್ನು ಅವನ ಕೈಗಿತ್ತಳು. "ಹುಷಾರು. ಎಚ್ಚರ ಆದ ತಕ್ಷಣ ಕೇಳ್ತಾರೆ."

ಅವನು ಸ್ವಲ್ಪ ಹೊತ್ತು ಹಿಡಿದುಕೊಂಡು ಕೂತ. ಆಮೇಲೆ ಹಾಕಿಕೊಂಡ. ದಪ್ಪ ಗಾಜಿನಲ್ಲಿ ಗೋಡೆ, ದೀಪ, ನೆಲ ಎಲ್ಲ ಕಲಸಿಹೋದವು. ಅಣ್ಣನ ಕಣ್ಣು ಇಷ್ಟು ಕೆಟ್ಟಿದೆ ಎಂಬುದೇ ತನಗೆ ಗೊತ್ತಿರಲಿಲ್ಲವೆಂದು ಅವನಿಗೆ ಬೇಸರವಾಯಿತು.

ಕಾರಿಡಾರಿನ ತುದಿಯ ಬಾಗಿಲು ತೆರೆದು ಬೆಳ್ಳಗಿನ ಆಕಾರವೊಂದು ಹೊರಗೆ ಬಂದು ನಿಂತಿತು. ಯಾರೋ ಹೆಣ್ಣುಮಗಳ ದನಿ ಅಣ್ಣನ ಹೆಸರು ಹೇಳಿತು.

"ಇವರ ಕಡೆಯವರು ಯಾರಿದೀರಿ?"

ದನಿಯಲ್ಲಿ ಒಳ್ಳೆಯದೋ ಕೆಟ್ಟದ್ದೋ ಏನೂ ತಿಳಿಯುವಂತಿರಲಿಲ್ಲ. ಅವನು ಏಳಲಿಲ್ಲ. ಅವಳು ಮತ್ತೊಮ್ಮೆ ಕೇಳಿದಾಗ ಯಾರು ಏಳುತ್ತಾರೆಂದು ತಿರುಗಿ ನೋಡಿದ. ಒಂದಕ್ಕೊಂದು ಬೋಲ್ಟು ಬಿಗಿದ ಕಬ್ಬಿಣದ ಖಾಲಿ ಕುರ್ಚಿಗಳು ಗೋಡೆಯವರೆಗೂ ಸಾಲಾಗಿದ್ದವು. ಗಾಜಿನ ಮಸುಕಿನಲ್ಲಿ ಒಂದೊಂದು ಕುರ್ಚಿಯಲ್ಲೂ ಯಾರೋ ಕೂತಿರುವ ಹಾಗೆ ಕಾಣುತ್ತಿತ್ತು. ಅವರಲ್ಲಿ ಒಬ್ಬರು ಏಳಲಿ ಎಂದು ಅವನು ಕಾದ.