ರಾಗಿ ಮೂಟೆ ಜಗುಲಿಗೆ, ಸೋಪಿನ ಬಾಕ್ಸು ಕೋಣೆಗೆ

ನಮ್ಮ ಆವತಿಯಲ್ಲಿ ಈಗ ರೇಷನ್ ಕಾರ್ಡು ಇಲ್ಲದ ಮನೆ ಇದ್ದರೂ ಇದ್ದೀತು, ಗೋಡೌನ್ ಕಾರ್ಡು ಇಲ್ಲದ ಮನೆ ಹುಡುಕಬೇಕು. ಗೋಡೌನ್ ಕಾರ್ಡು ಅಂದರೆ ಏರ್‌ಪೋರ್ಟ್ ರಸ್ತೆಯಲ್ಲಿ ಹೊಸದಾಗಿ ಎದ್ದಿರುವ ದೊಡ್ಡ ಹೋಲ್‌ಸೇಲ್ ಅಂಗಡಿಯ ಮೆಂಬರ್‌ಶಿಪ್ ಕಾರ್ಡು. ವರ್ಷಕ್ಕೆ ಎರಡು ಸಾವಿರ ರೂಪಾಯಿ ಕಟ್ಟಿದವರನ್ನು ಮಾತ್ರ ಒಳಗೆ ಬಿಡುತ್ತಾರೆ. ಒಳಗೆ ರೇಟು ಕಡಿಮೆ, ನಿಜ. ಆದರೆ ಒಂದು ಸೋಪು, ಒಂದು ಕೇಜಿ ಬೇಳೆ ಅಂತ ಅಲ್ಲಿ ಸಿಗುವುದಿಲ್ಲ. ಸೋಪು ಬೇಕಾದರೆ ಬಾಕ್ಸುಗಟ್ಟಲೆ, ಎಣ್ಣೆ ಬೇಕಾದರೆ ಟಿನ್ನುಗಟ್ಟಲೆ. ಬಾಗಿಲು ದಾಟುವುದಕ್ಕೇ ದುಡ್ಡು ಕೇಳುವ ಅಂಗಡಿಯನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ನನ್ನ ಹೆಸರು ಅಂಜಿನಮ್ಮ. ನಮ್ಮ ಬೀದಿಯ ಸ್ತ್ರೀಶಕ್ತಿ ಸಂಘದ ಪ್ರತಿನಿಧಿ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದುಕೊಡುತ್ತಿದ್ದೇನೆ. ಊರವರು ಸೇರಿದ ಕಡೆ ಯಾರಾದರೂ ಗಟ್ಟಿಯಾಗಿ ಓದಿ.

ನಮ್ಮ ಮನೆಗೆ ಆ ಕಾರ್ಡು ತಂದವರು ನನ್ನ ಯಜಮಾನರು ಮುನಿಕೃಷ್ಣ. ಏರ್‌ಪೋರ್ಟಿನಲ್ಲಿ ಕ್ಯಾಬ್ ಓಡಿಸುತ್ತಾರೆ. ಪಾರ್ಕಿಂಗಿನಲ್ಲಿ ಸರದಿಗೆ ಕಾಯುತ್ತಾ ಕೂತಾಗ ಜೊತೆಯ ಡ್ರೈವರ್‌ಗಳು ಹೇಳಿದರಂತೆ, ಇವರು ಹೋಗಿ ಕಟ್ಟಿಬಿಟ್ಟರಂತೆ. ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದೆ ಅಂತಲೂ ಹೇಳಲಾರೆ, ಸುಳ್ಳಾಗುತ್ತದೆ. ಮೊದಲ ಸಲ ನನ್ನನ್ನೂ ಕರೆದುಕೊಂಡು ಹೋದರು. ಆ ತಳ್ಳುಗಾಡಿ ನಮ್ಮ ಹಸುವಿನ ಗೋದಲಿಯಷ್ಟು ದೊಡ್ಡದು. ಅದರಲ್ಲಿ ಒಂದೆರಡು ಸಾಮಾನು ಹಾಕಿದರೆ ನಮಗೇ ನಾಚಿಕೆಯಾಗುತ್ತದೆ. ತುಂಬಿಸಿಕೊಂಡೇ ಬಂದೆವು.

ಆಮೇಲೆ ತಿಂಗಳಿಗೊಂದು ಸಲ ಅದೇ ಕೆಲಸ. ಹದಿನೈದು ಲೀಟರ್ ಎಣ್ಣೆ. ಬಟ್ಟೆ ಸೋಪಿನ ಬಾಕ್ಸು ಎರಡು. ಹತ್ತು ಕೇಜಿ ರವೆ, ತಿಂಗಳೊಳಗೆ ಹುಳ ಬಿತ್ತು. ಓಟ್ಸ್ ಆರು ಪ್ಯಾಕೆಟ್ಟು. ಮೂರು ಹೊತ್ತೂ ಮುದ್ದೆ ತಿನ್ನುವ ಮನೆಗೆ ಓಟ್ಸ್ ಯಾಕ್ರೀ ಅಂತ ಕೇಳಿದರೆ, ಒಂದು ತಗೊಂಡರೆ ಒಂದು ಫ್ರೀ ಇತ್ತು ಅಂದರು. ಬಿಲ್ಲಿನ ಕೊನೆಯಲ್ಲಿ "ಇಂದು ನೀವು ಉಳಿಸಿದ ಹಣ" ಅಂತ ಅಚ್ಚಾಗಿರುತ್ತದೆ. ಒಂದು ಸಲ ಆರುನೂರು, ಇನ್ನೊಂದು ಸಲ ಎಂಟುನೂರು. ಅದನ್ನು ಬೆರಳಿಟ್ಟು ತೋರಿಸುತ್ತಿದ್ದರು. ಉಳಿದ ದುಡ್ಡು ಎಲ್ಲಿ ಅಂತ ಕೇಳಿದರೆ ಮುಖ ಊದಿಸಿಕೊಳ್ಳುತ್ತಿದ್ದರು.

ಸಾಮಾನು ಇಡಲು ಮನೆಯಲ್ಲಿ ಜಾಗ ಸಾಲದಾಯಿತು. ನಮ್ಮದು ಎರಡೇ ಕೋಣೆ. ಒಳಗಿನ ಕೋಣೆಯಲ್ಲಿ ಇದ್ದದ್ದು ರಾಗಿ ಮೂಟೆ. ಏರ್‌ಪೋರ್ಟ್ ಬಂದ ಮೇಲೆ ನಮ್ಮ ಜಮೀನೆಲ್ಲ ಲೇಔಟಿಗೆ ಹೋಗಿ ಉಳಿದಿರುವುದು ಒಂದೇ ಎಕರೆ. ನಮ್ಮ ಅತ್ತೆ ಮುನಿರತ್ನಮ್ಮ ಹಟ ಹಿಡಿದು ಉಳಿಸಿಕೊಂಡದ್ದು ಅದು. ಈ ಮನೆ ಯಾವತ್ತೂ ರಾಗಿ ಕೊಂಡು ತಿಂದಿಲ್ಲ ಅನ್ನುವುದು ಅವರ ಮಾತು. ಅದೊಂದು ಅವರಿಗೆ ದೊಡ್ಡ ಮರ್ಯಾದೆ. ಆ ವರ್ಷ ಒಕ್ಕಿದ್ದರಲ್ಲಿ ಇನ್ನೂ ಐದು ಮೂಟೆ ಉಳಿದಿತ್ತು, ಮುಂದಿನ ಸುಗ್ಗಿಯವರೆಗೂ ಆಗುವಷ್ಟು.

ಯಜಮಾನರು ಅದನ್ನು ಜಗುಲಿಗೆ ಹಾಕೋಣ ಅಂದರು. ಅತ್ತೆ ಬೇಡ ಅಂದರು. ಶೀಟಿನ ಕೆಳಗೆ ಇರುತ್ತದೆ, ಏನೂ ಆಗಲ್ಲ, ರಾಗಿಗೆ ಹುಳ ಹಿಡಿಯುತ್ತದಾ ಅಂತ ಇವರು ವಾದ ಮಾಡಿದರು. ರಾಗಿಗೆ ಹುಳ ಹಿಡಿಯಲ್ಲ, ಸರಿ. ನೀರು ಹಿಡಿಯಲ್ಲ ಅಂತ ಯಾರು ಹೇಳಿದರು? ಆದರೆ ನಾನೂ ಸುಮ್ಮನಿದ್ದೆ. ಮೂಟೆಯ ಒಂದು ತುದಿ ಹಿಡಿದು ಎತ್ತಿದವಳು ನಾನೇ. ವರ್ಷದ ಅನ್ನವನ್ನು ಹೊರಗೆ ಹಾಕಿ ಸೋಪನ್ನು ಒಳಗಿಟ್ಟೆವು. ಬರೆಯುವಾಗಲೂ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ.

ಭರಣಿ ಮಳೆ ಗಾಳಿಯ ಜೊತೆ ಬಂತು. ಎರಚಲು ಜಗುಲಿಯ ಗೋಡೆಯವರೆಗೂ ಹೊಡೆಯಿತು. ಮೂಟೆಗಳ ಮೇಲೆ ಹೊದಿಸಿದ್ದ ಟಾರ್ಪಾಲನ್ನು ನಂಬಿ ನಾವು ನೋಡಲಿಲ್ಲ. ನೀರು ಕೆಳಗಿಂದ ಮೂಟೆಯೊಳಗೆ ಹೋಗಿತ್ತು. ನಾಲ್ಕನೇ ದಿನ ಅತ್ತೆ ಮಿಲ್ಲಿಗೆ ಕೊಡಲು ಅಂತ ಮೂಟೆ ಬಿಚ್ಚಿದರೆ ಒಳಗೆ ಮುಗ್ಗಲು ವಾಸನೆ, ಕೈ ಹಾಕಿದರೆ ಬಿಸಿ. ಐದರಲ್ಲಿ ಮೂರು ಮೂಟೆ ಹೋಗಿತ್ತು. ಬೂಷ್ಟು ಹಿಡಿದದ್ದನ್ನು ಹಸುವಿಗೂ ಹಾಕುವ ಹಾಗಿಲ್ಲ. ಅತ್ತೆ ಯಾರನ್ನೂ ಬಯ್ಯಲಿಲ್ಲ. ಮಂಕರಿಯಲ್ಲಿ ತುಂಬಿಕೊಂಡು ತಾವೇ ತಿಪ್ಪೆಗೆ ಹೊತ್ತರು. ನಾನು ಕೈ ಹಾಕಲು ಹೋದರೆ ಬಿಡಲಿಲ್ಲ. ಅವರು ಬೈದಿದ್ದರೆ ನಮಗೆ ಸುಖವಾಗುತ್ತಿತ್ತು.

ಇಷ್ಟಾದ ಮೇಲೂ ಬುದ್ಧಿ ಬಂತೇ? ಅದೇ ವಾರ ಯಜಮಾನರ ಫೋನಿಗೆ ಮೆಸೇಜು ಬಂತು. ಕಾರ್ಡಿನ ವರ್ಷ ಮುಗಿಯಿತು, ಮತ್ತೆ ಎರಡು ಸಾವಿರ ಕಟ್ಟಿ ಅಂತ. ಇವರು ಕಟ್ಟಲು ಹೊರಟರು. ಮಳೆ ಬಂದದ್ದಕ್ಕೂ ಕಾರ್ಡಿಗೂ ಏನು ಸಂಬಂಧ ಅಂತ ನನ್ನನ್ನೇ ಕೇಳಿದರು. ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಆ ಗುರುವಾರ ಸಂಘದ ಮೀಟಿಂಗ್ ನಮ್ಮ ಮನೆಯಲ್ಲಿತ್ತು. ನಮ್ಮ ಸಂಘದ ಮಾರಕ್ಕ ದೇವನಹಳ್ಳಿ ಕ್ಯಾಬ್ ಸ್ಟ್ಯಾಂಡಿನ ಹತ್ತಿರ ಊಟದ ಹೋಟೆಲ್ ನಡೆಸುತ್ತಾರೆ. ಅದೇ ಕಾರ್ಡು ಅವರ ಹತ್ತಿರವೂ ಇದೆ. ಯಜಮಾನರು ಮಾರಕ್ಕನನ್ನೇ ಸಾಕ್ಷಿಗೆ ಕರೆದರು.

"ಹೇಳಿ ಅಕ್ಕಾ ಇವಳಿಗೆ. ನೀವು ಇಟ್ಕೊಂಡಿಲ್ವಾ ಕಾರ್ಡು? ನಿಮಗೆ ಲಾಭ ಆದ್ಮೇಲೆ ನಮಗೂ ಆಗ್ಬೇಕಲ್ವಾ?"

ಮಾರಕ್ಕ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಅವರನ್ನೇ ನೋಡಿದರು. "ಏನಪ್ಪಾ ಮುನಿಕೃಷ್ಣ, ನನ್ನ ಹೋಟ್ಲಲ್ಲಿ ದಿನಕ್ಕೆ ಎಂಬತ್ತು ಊಟ ಹೋಗುತ್ತೆ. ಟಿನ್ ಎಣ್ಣೆ ಒಂದು ವಾರ ಬರಲ್ಲ ನನಗೆ. ನಿಮ್ಮನೇಲಿ ಎಷ್ಟು ಜನ?"

"ಮೂರು."

"ತಿಂಗಳಿಗೆ ಎಷ್ಟು ಎಣ್ಣೆ?"

ಇವರಿಗೆ ಗೊತ್ತಿರಲಿಲ್ಲ. ಸಕ್ಕರೆ ಎಷ್ಟು, ಬೇಳೆ ಎಷ್ಟು, ಅದೂ ಗೊತ್ತಿರಲಿಲ್ಲ. ಮನೆಗೆ ಏನು ಬೇಕು ಅಂತ ಗೊತ್ತಿಲ್ಲದವರು ವರ್ಷವಿಡೀ ಸಾಮಾನು ಹೊತ್ತು ತಂದಿದ್ದರು. ನಾನೇ ಹೇಳಿದೆ. ಮೊದಲು ಎರಡು ಲೀಟರ್ ಎಣ್ಣೆ ಸಾಕಾಗುತ್ತಿತ್ತು, ಟಿನ್ನು ಬಂದ ಮೇಲೆ ಕೈ ಧಾರಾಳವಾಗಿ ನಾಲ್ಕಾಯಿತು, ದಿನಾ ಬೋಂಡ ಆಯಿತು ಅಂತ ಅದನ್ನೂ ಒಪ್ಪಿಕೊಂಡೆ.

ಮಾರಕ್ಕ ಬೆರಳು ಮಡಚಿ ಲೆಕ್ಕ ಹಾಕಿದರು. ರಾಗಿ ನಿಮ್ಮ ಹೊಲದ್ದು, ಹಾಲು ನಿಮ್ಮ ಹಸುವಿನದು, ಅವರೆಕಾಯಿ, ಸೊಪ್ಪು ಬದುವಿನಲ್ಲಿ ಸಿಗುತ್ತೆ. ಕೊಳ್ಳುವುದು ಎಣ್ಣೆ, ಸಕ್ಕರೆ, ಬೇಳೆ, ಟೀ ಪುಡಿ, ಸೋಪು. ಅಷ್ಟನ್ನೂ ಆ ಅಂಗಡಿಯಲ್ಲೇ ತಂದರೂ, ನಮ್ಮೂರ ಆವಲಪ್ಪನ ಅಂಗಡಿಗಿಂತ ತಿಂಗಳಿಗೆ ಉಳಿಯುವುದು ನೂರಹತ್ತು ರೂಪಾಯಿ. ವರ್ಷಕ್ಕೆ ಸಾವಿರದ ಮುನ್ನೂರ ಇಪ್ಪತ್ತು.

"ಉಳಿಯೋದು ಸಾವಿರದ ಮುನ್ನೂರು, ಕಟ್ಟೋದು ಎರಡು ಸಾವಿರ. ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲಪ್ಪಾ. ಅಲ್ಲಿಗೆ ಹೋಗೋ ದಿನ ಸರದಿ ಬಿಟ್ಟು ಬರ್ತೀಯಲ್ಲ, ಆ ಟ್ರಿಪ್ಪಿನ ದುಡ್ಡು ಯಾರು ಕೊಡ್ತಾರೆ? ರವೆ ಬಿಸಾಕಿದ್ದು, ರಾಗಿ ಬಿಸಾಕಿದ್ದು ಬಿಲ್ಲಲ್ಲಿ ಬರುತ್ತಾ?"

"ಮತ್ತೆ ಎಂಟುನೂರು ಉಳೀತು ಅಂತ ಬರೆದಿರ್ತಾರಲ್ಲ ಅಕ್ಕಾ."

"ಬೇಡದ್ದು ತಗೊಂಡ್ರೆ ಉಳೀತು ಅಂತಾರೇನೋ? ನನಗೆ ಆ ಕಾರ್ಡು ಬೇಕು, ಎರಡು ತಿಂಗಳಲ್ಲಿ ಕಟ್ಟಿದ್ದು ವಾಪಸ್ ಬರುತ್ತೆ. ನಿನಗೆ ಬೇಡ. ಅಷ್ಟೇ."

ಯಜಮಾನರು ಕಾರಿನ ಕೀ ತಗೊಂಡು ಎದ್ದರು. ಒಪ್ಪಿದೆ ಅಂತಲೂ ಹೇಳಲಿಲ್ಲ, ಗಂಡಸರು ಅಷ್ಟು ಬೇಗ ಎಲ್ಲಿ ಹೇಳುತ್ತಾರೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತ ಗಾದೆ ಇದೆಯಲ್ಲ, ನಮ್ಮ ಮನೆಯಲ್ಲಿ ಒಲೆ ಉರಿಯಲು ಇನ್ನೂ ನಾಲ್ಕು ತಿಂಗಳು ಬೇಕಾಯಿತು.

ಉಳಿದಿದ್ದ ಎರಡು ಮೂಟೆ ಗೌರಿ ಹಬ್ಬದ ಹೊತ್ತಿಗೆ ಮುಗಿಯಿತು. ಹೊಲದಲ್ಲಿ ಪೈರು ಇನ್ನೂ ಮೊಣಕಾಲುದ್ದ. ಯಜಮಾನರು ಆವಲಪ್ಪನ ಅಂಗಡಿಯಿಂದ ಹತ್ತು ಕೇಜಿ ರಾಗಿ ತಂದರು. ನಾನು ಬೀಸಿಸಿ ತಂದು ಮುದ್ದೆ ಕಟ್ಟಿ ಅತ್ತೆಯ ತಟ್ಟೆಗೆ ಹಾಕಿದೆ. ಅತ್ತೆ ಒಂದು ತುತ್ತು ಮುರಿದು ಬಾಯಿಗಿಟ್ಟು ತಲೆ ಎತ್ತಿದರು.

"ಯಾರ ಹೊಲದ್ದು ಇದು?"

ನನಗೆ ಗೊತ್ತಿರಲಿಲ್ಲ. ಯಜಮಾನರು ತಟ್ಟೆ ನೋಡಿಕೊಂಡು, "ತಪ್ಪಾಯ್ತಮ್ಮ. ಆ ಕಾರ್ಡಿನ ದುಡ್ಡು ನಾನು ಮತ್ತೆ ಕಟ್ಟಿಲ್ಲ, ಕಟ್ಟೋದೂ ಇಲ್ಲ" ಅಂದರು. ಅತ್ತೆ ಊಟ ಮುಗಿಸಿದರು. ಯಾವತ್ತೂ ಒಂದೂವರೆ ಮುದ್ದೆ ಉಣ್ಣುವವರು ಅವತ್ತು ಒಂದಕ್ಕೇ ಎದ್ದರು.

ಅಕ್ಕಂದಿರೇ, ಅಣ್ಣಂದಿರೇ, ಕಾರ್ಡು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹೋಟೆಲ್ ಇದ್ದವರು, ಅಂಗಡಿ ಇದ್ದವರು, ಮದುವೆ ಅಡುಗೆ ಮಾಡುವವರು ಧಾರಾಳವಾಗಿ ಮಾಡಿಸಿ. ಮಿಕ್ಕವರು ದುಡ್ಡು ಕಟ್ಟುವ ಮೊದಲು ಒಂದು ತಿಂಗಳು ಮನೆಗೆ ಏನೇನು ಕೊಂಡಿರಿ ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಆ ಚೀಟಿಯಲ್ಲಿ ಇರುವುದಕ್ಕೆ ಮಾತ್ರ ಎಷ್ಟು ಉಳಿಯುತ್ತದೆ ಅಂತ ಹನ್ನೆರಡು ತಿಂಗಳಿಗೆ ಗುಣಿಸಿ ನೋಡಿ. ಹೋಗಿಬರುವ ಖರ್ಚು ಕಳೆಯಿರಿ. ಲೆಕ್ಕ ಬರದಿದ್ದರೆ ಗುರುವಾರ ಸಂಘಕ್ಕೆ ಬನ್ನಿ, ನಾನೂ ಮಾರಕ್ಕನೂ ಕೂತು ಹಾಕಿಕೊಡುತ್ತೇವೆ. ಅಷ್ಟೆಲ್ಲ ಆದ ಮೇಲೂ ಕಾರ್ಡು ಬೇಕೇ ಬೇಕು ಅನ್ನಿಸಿದರೆ ಮಾಡಿಸಿ, ನಿಮ್ಮಿಷ್ಟ. ಆದರೆ ಬರುವ ಸಾಮಾನಿಗೆ ಜಾಗ ಮಾಡಲು ಮನೆಯ ರಾಗಿಯನ್ನು ಮಾತ್ರ ಹೊರಗೆ ಇಡಬೇಡಿ.